ರಸ್ತೆಗೆ ಹರವಿದ ಭತ್ತ

ತ್ವಾನ್ ಇನ್ನೂ ಎರಡು ತುತ್ತು ಶಾವಿಗೆ ಬಾಯಿಗಿಟ್ಟಿರಲಿಲ್ಲ. ದೋಣಿಕಟ್ಟೆಯ ಹೋಟೆಲಿನ ಮುಂದೆ ಎರಡು ಬೈಕು ಗಕ್ಕನೆ ನಿಂತವು. ಇಳಿದವರಲ್ಲಿ ಒಬ್ಬ ಸೀದಾ ಬಂದು ಅವನ ಕೊರಳಪಟ್ಟಿಗೆ ಕೈ ಹಾಕಿದ.

“ಆ ಬಿಳಿ ಕಾರು ನಿಂದೇ ಏನೋ?”

“ಹೌದು, ನಂದೇ. ಯಾಕಣ್ಣ?”

“ಯಾಕಣ್ಣ ಅಂತೆ. ವಾನ್ ಸಾ ತಿರುವಿನ ಹತ್ರ ನಮ್ಮ ದಿಯೆಮಣ್ಣನ್ನ ಗುದ್ದಿ ಕೊಂದು, ಇಲ್ಲಿ ಬಂದು ಏಡಿ ಸಾರು ಹೀರ್ತಾ ಕೂತಿದ್ದೀಯಲ್ಲ, ಗಂಟಲಲ್ಲಿ ಇಳಿಯುತ್ತೇನೋ?”

ತ್ವಾನನನ್ನೂ ಅವನ ಕಾರನ್ನೂ ಎರಡು ದಿನಕ್ಕೆಂದು ಗೊತ್ತುಮಾಡಿದವನು ಪಕ್ಕದಲ್ಲೇ ಕೂತಿದ್ದ ಖಾಂಗ್. ಭೂಗೋಳದ ಮೇಷ್ಟ್ರ ಕೆಲಸದಿಂದ ನಿವೃತ್ತನಾದರೂ ಗದರುವ ಚಟ ಬಿಡದ ಮನುಷ್ಯ. ಹನೋಯ್‌ನಲ್ಲಿ ಕೂತು ಕೂತು ಬೇಜಾರಾಗಿದೆ, ಥಾಯ್ ಬಿನ್ ಕಡೆ ಸುಗ್ಗಿ ನೋಡಿಕೊಂಡು ಬರೋಣ ಎಂದು ಅತ್ತಿಗೆ ನ್ಯಾನ್ ಅವರನ್ನು ಹೊರಡಿಸಿದವನೂ ಅವನೇ. ನ್ಯಾನ್ ಪೊಲೀಸ್ ಇಲಾಖೆಯಲ್ಲಿ ಕೊಲೆಗಳ ತನಿಖೆ ಮಾಡುತ್ತಲೇ ತಲೆ ನರೆಸಿಕೊಂಡವರು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಹೋದಲ್ಲೆಲ್ಲ ಕೊಡೆ ಹಿಡಿದು ಹಿಂದೆ ಹೋಗುವುದು ಖಾಂಗನ ಕೆಲಸ. ಅವರು ಬಿಡಿಸಿದ ಒಗಟುಗಳನ್ನು ಟೀ ಅಂಗಡಿಯಲ್ಲಿ ಹೇಳಿ ಮೆರೆಯುವುದೂ ಅವನದೇ ಕೆಲಸ.

ನ್ಯಾನ್ ಬಟ್ಟಲು ಕೆಳಗಿಟ್ಟು ಎದ್ದರು. “ಅವನ ಕೊರಳು ಬಿಡಪ್ಪ, ಎಲ್ಲೂ ಓಡಿಹೋಗಲ್ಲ. ನಾವೂ ಬರ್ತೀವಿ, ನಡಿ.”

ಖಾಂಗ್ ಕೊಡೆ ತೆಗೆದುಕೊಂಡು ಹಿಂದೆ ನಡೆದ. ಬೆಳಿಗ್ಗೆಯಿಂದ ನಡೆದದ್ದೆಲ್ಲ ಕಣ್ಣಮುಂದೆ ಬಂತು. ಸುಗ್ಗಿಯ ಕಾಲ, ಯಾವ ಊರಿಗೆ ಹೋದರೂ ಅರ್ಧ ರಸ್ತೆ ಭತ್ತ ಒಣಹಾಕಿದ ಕಣ. ತ್ವಾನ್ ಪ್ರತಿ ಭತ್ತದ ಹತ್ತಿರವೂ ಕಾರು ನಿಲ್ಲಿಸಿ, ಇಳಿದು, ಯಜಮಾನರನ್ನು ಕೇಳಿ, ಇರುವೆ ನಡೆದ ಹಾಗೆ ದಾಟುತ್ತಿದ್ದ. ಗುಡಿಯ ಹತ್ತಿರ ಇಳಿದು, ಗದ್ದೆಯ ಬದುವಿನ ಮೇಲೆ ನಡೆದೇ ದೋಣಿಕಟ್ಟೆಗೆ ಬರುತ್ತೇವೆಂದು ನ್ಯಾನ್ ಅಂದಾಗ, ಖಾಂಗ್ ತ್ವಾನನಿಗೆ ಹೇಳಿದ್ದ: “ನಾವು ಬರೋದ್ರೊಳಗೆ ಹೋಗಿ ಊಟಕ್ಕೆ ಹೇಳಿರು. ಭತ್ತ ಗಿತ್ತ ಅಂತ ಪೂಜೆ ಮಾಡ್ತಾ ನಿಲ್ಬೇಡ. ಮೇಲೆ ಹತ್ತಿಸ್ಕೊಂಡು ಹೋಗು, ಅದೇನು ಸಾಯುತ್ತಾ?” ಹಾಗಾಗಿ ಆ ತಿರುವನ್ನು ತ್ವಾನ್ ಒಬ್ಬನೇ ದಾಟಿದ್ದ. ಏನಾಯಿತೆಂದು ಹೇಳುವ ಇನ್ನೊಬ್ಬರು ಕಾರಿನಲ್ಲಿರಲಿಲ್ಲ.

ತಿರುವಿನಲ್ಲಿ ಊರೇ ಸೇರಿತ್ತು. ರಸ್ತೆಯ ಪಕ್ಕದ ಕಾಲುವೆಯಲ್ಲಿ ಬೈಕು ಮಗುಚಿ ಬಿದ್ದಿತ್ತು. ದಿಯೆಮನ ಶವವನ್ನು ಆಗಲೇ ಎತ್ತಿ ಬೇಲಿಯಾಚೆಯ ಅವನ ಮನೆಯ ಅಂಗಳಕ್ಕೆ ಒಯ್ದಿದ್ದರು. ಅವನ ಹೆಂಡತಿ ಲುವಾ ತಾಳೆಗರಿಯ ಟೋಪಿಯನ್ನು ಎದೆಗೊತ್ತಿಕೊಂಡು ರಸ್ತೆಯಂಚಿನಲ್ಲಿ ಕೂತಿದ್ದಳು. ಭತ್ತದ ಮೂಟೆಯನ್ನು ಒಬ್ಬಳೇ ಹೆಗಲಿಗೇರಿಸುವಂಥ ಗಟ್ಟಿ ಹೆಂಗಸು. ಈಗ ಅವಳ ಷರಾಯಿ ಮೊಳಕಾಲಿನವರೆಗೆ ನೆನೆದು ಮೈಗಂಟಿತ್ತು.

ನ್ಯಾನ್ ಅವರನ್ನು ಕಂಡು ಪೊಲೀಸ್ ಅಧಿಕಾರಿ ಕ್ವಿ ಟೋಪಿ ತೆಗೆದ. ಒಂದು ಕಾಲಕ್ಕೆ ಅವರ ಕೈಕೆಳಗೆ ಪಳಗಿದವನು.

“ಮೇಡಂ, ನಿಮ್ಮ ಡ್ರೈವರ್ ಅಂತ ಗೊತ್ತಿರಲಿಲ್ಲ. ಆದ್ರೆ ನಾನೇನು ಮಾಡ್ಲಿ? ಈ ಅಕ್ಕ ಕಣ್ಣಾರೆ ನೋಡಿದ್ದಾರೆ.”

“ಏನು ನೋಡ್ದೆ ತಾಯಿ?” ನ್ಯಾನ್ ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

ಲುವಾ ತಲೆಯೆತ್ತಲಿಲ್ಲ. “ಬಿಳಿ ಕಾರು. ಹಿಂದಿನಿಂದ ಬಂದು ಗುದ್ದಿ ಹೋಯ್ತು. ನಾನು ಕಾಲುವೆಗೆ ಇಳಿದು ಎತ್ತೋ ಹೊತ್ತಿಗೆ ಉಸಿರು ಇರಲಿಲ್ಲ.”

“ನಾನು ಬಂದಾಗ ಇಲ್ಲಿ ಬೈಕೇ ಇರಲಿಲ್ಲ ಅಮ್ಮಾವ್ರೇ,” ಎಂದ ತ್ವಾನ್. “ಭತ್ತದ ಮೇಲೆ ಹತ್ತಿಸಿದ್ದು ನಿಜ. ಒಬ್ರು ಅಜ್ಜಿ ಬೇಲಿ ಹತ್ರ ನಿಂತು ಕೋಲೆತ್ತಿ ಬೈದ್ರು. ತಪ್ಪಾಯ್ತು ಅಂತ ಕೈ ಮುಗಿದು ಬಂದೆ. ಅಷ್ಟೇ. ನನ್ನ ಮಗಳಿನ್ನೂ ಹಾಲು ಕುಡಿಯೋ ಕೂಸು, ಅದರಾಣೆ.”

“ಸತ್ತವನಿಗೂ ಮಕ್ಕಳಿದ್ವು ಕಣೋ,” ಎಂದು ಗುಂಪಿನಿಂದ ಯಾರೋ ಅಂದರು.

ನ್ಯಾನ್ ಜಾಗವನ್ನೆಲ್ಲ ಸುತ್ತತೊಡಗಿದರು. ಖಾಂಗ್ ಕೊಡೆ ಹಿಡಿದು ಹಿಂದೆ ಹಿಂದೆ ಹೋದ. ಅವರು ಕಾಲುವೆಗಿಳಿದು ಬೈಕಿನ ಹಿಂದಿನ ದೀಪ ಮುಟ್ಟಿದರು. ಮುಂದಿನ ಚಕ್ರ ತಿರುಗಿಸಿ ನೋಡಿದರು. ಕಾಲುವೆಯ ತಳದ ಬಿರುಕುಬಿಟ್ಟ ಮಣ್ಣನ್ನು ಬೆರಳಲ್ಲಿ ಪುಡಿ ಮಾಡಿದರು. ಮೇಲೆ ಬಂದು ಭತ್ತದ ಹತ್ತಿರ ಬಹಳ ಹೊತ್ತು ನಿಂತರು. ಉದ್ದಕ್ಕೂ ಉಳಿದವರ ಭತ್ತಕ್ಕೆಲ್ಲ ಇಟ್ಟಿಗೆ, ಕಲ್ಲು, ಮುರಿದ ಕುರ್ಚಿ ಕಾವಲಿದ್ದವು. ಈ ಮನೆಯ ಭತ್ತಕ್ಕೆ ಏನೂ ಇರಲಿಲ್ಲ. ಆದರೂ ತಿರುವಿನ ಕಡೆಯ ಅಂಚಿನಲ್ಲಿ ಕಾಳು ಗೋಡೆಗೆ ಒತ್ತಿದ ಹಾಗೆ ನೆಟ್ಟಗೆ ನಿಂತಿತ್ತು.

ಭತ್ತದ ನಡುವೆ ಕಾರಿನ ಗಾಲಿ ಹಾದ ಚಪ್ಪಟೆ ಜಾಡಿತ್ತು. ಅದನ್ನು ಅಡ್ಡಕ್ಕೆ ಅಳಿಸಿಕೊಂಡು, ಬೇಲಿಯಿಂದ ರಸ್ತೆಯ ನಡುವಿನವರೆಗೆ, ಇನ್ನೊಂದು ಅಗಲವಾದ ಗುರುತು ಹೋಗಿತ್ತು. ಸ್ವಲ್ಪ ದೂರ, ಒಂದು ನಿಲುಗಡೆ. ಮತ್ತೆ ಸ್ವಲ್ಪ ದೂರ, ಮತ್ತೆ ನಿಲುಗಡೆ. ಪಕ್ಕದಲ್ಲೇ ಕಾಳಿನಲ್ಲಿ ಸಣ್ಣ ಸಣ್ಣ ದುಂಡು ಗುಳಿಗಳು.

“ಕೋಳಿ ಕೆದಕಿರಬೇಕು ಅತ್ತಿಗೆ,” ಎಂದ ಖಾಂಗ್.

“ಇಷ್ಟು ದುಂಡಗೆ ಕೆದಕೋ ಕೋಳಿ ಇದ್ರೆ ನಂಗೂ ಒಂದು ಬೇಕು ಮಾರಾಯ,” ಎಂದರು ನ್ಯಾನ್. ಮುಖದಲ್ಲಿ ಮಾತ್ರ ನಗುವಿರಲಿಲ್ಲ.

ಮನೆಯ ಪಕ್ಕದಲ್ಲಿ ಹೊಂಡ. ಹೊಸ ಮನೆಯ ತೊಲೆಗೆಂದು ಹೆಬ್ಬೇವಿನ ದಿಮ್ಮಿಗಳನ್ನು ಹುಳು ಹಿಡಿಯದಂತೆ ನೀರಲ್ಲಿ ನೆನೆಹಾಕಿದ್ದರು. ಕಲ್ಲು ಹೇರಿ ಮುಳುಗಿಸಿದ ದಿಮ್ಮಿಗಳು ಕಪ್ಪಗೆ ತಳ ಸೇರಿದ್ದವು. ಒಂದು ಮಾತ್ರ ದಡಕ್ಕೆ ತಾಗಿ ತೇಲುತ್ತಿತ್ತು. ನ್ಯಾನ್ ಬಗ್ಗಿ ಅದರ ತೊಗಟೆಯನ್ನು ಮುಟ್ಟಿ, ಬೆರಳಿಗೆ ಹತ್ತಿದ್ದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಆಮೇಲೆ ಹೊಂಡದ ದಡದಲ್ಲೇ ಕೂತುಬಿಟ್ಟರು.

“ಗೊತ್ತಾಯ್ತಾ ಅತ್ತಿಗೆ?”

“ಗೊತ್ತಾಯ್ತು. ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು.” ಅವರು ಎದ್ದು ಮನೆಯ ಕಡೆ ನೋಡುತ್ತ ಅಂದರು, “ಸಂಜೆ ಎಲ್ಲರನ್ನೂ ಅಂಗಳದಲ್ಲಿ ಸೇರಿಸೋಕೆ ಕ್ವಿಗೆ ಹೇಳು. ಅದಕ್ಕೆ ಮುಂಚೆ ದಿಯೆಮನ ತಾಯಿನ ಪಕ್ಕದ ಮನೆಗೆ ಕಳಿಸೋಕಾಗುತ್ತಾ ನೋಡು.”

ಖಾಂಗ್ ಹೋಗಿ ಕೇಳಿದ. ಸೂ ಅಜ್ಜಿ ಒಳಕೋಣೆಯ ಮಂಚದ ಮೇಲೆ, ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎಲೆಅಡಿಕೆಯ ತಟ್ಟೆ ಮುಂದಿದ್ದರೂ ಮುಟ್ಟಿರಲಿಲ್ಲ.

“ನನ್ನ ಮಗನ್ನ ಬಿಟ್ಟು ಎಲ್ಲಿಗೆ ಹೋಗ್ಲಪ್ಪ?” ಎಂದಳು. ಖಾಂಗ್ ಹೆಚ್ಚು ಒತ್ತಾಯ ಮಾಡಲಾರದೆ ಬಾಗಿಲ ಪರದೆ ಎಳೆದು ಬಂದ.

ಸಂಜೆ ಅಂಗಳ ತುಂಬಿತು. ಸೂರಿನ ಕೆಳಗೆ ಬಿದಿರ ಮಂಚದ ಮೇಲೆ ದಿಯೆಮನನ್ನು ಮಲಗಿಸಿದ್ದರು. ತಲೆಯ ಬಳಿ ಒಂದು ಬಟ್ಟಲು ಅನ್ನ, ಅದರ ಮೇಲೆ ಬೇಯಿಸಿದ ಮೊಟ್ಟೆ, ಊದುಬತ್ತಿ. ಹಣೆಗೆ ಸೂತಕದ ಬಿಳಿಪಟ್ಟಿ ಕಟ್ಟಿದ್ದರು. ಹೆತ್ತವಳು ಇರುವಾಗಲೇ ಮಗ ಹೋದರೆ ಹೆಣಕ್ಕೂ ಪಟ್ಟಿ ಕಟ್ಟುತ್ತಾರೆ; ಮುಂದೆ ಅವಳಿಗಾಗಿ ಹಿಡಿಯಬೇಕಾದ ಸೂತಕವನ್ನು ಈಗಲೇ ಹಿಡಿದು, ಆ ಋಣ ತೀರಿಸಿ ಹೋಗಲಿ ಎಂದು. ತ್ವಾನ್ ಇಬ್ಬರು ಪೊಲೀಸರ ನಡುವೆ ತಲೆ ತಗ್ಗಿಸಿ ನಿಂತಿದ್ದ.

“ಮೇಡಂ, ಕಣ್ಣಾರೆ ಕಂಡ ಸಾಕ್ಷಿ ಇರುವಾಗ...” ಎಂದು ಕ್ವಿ ಶುರುಮಾಡಿದ.

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಿಂಗೆ ಹೇಳ್ಕೊಟ್ಟವಳು ನಾನೇ ಕಣೋ. ಕೂತ್ಕೋ.” ನ್ಯಾನ್ ಶವಕ್ಕೆ ಕೈಮುಗಿದು ಊರವರ ಕಡೆ ತಿರುಗಿದರು. “ಹಿಂದಿನಿಂದ ಕಾರು ಗುದ್ದಿದ್ರೆ ಬೈಕಿನ ಹಿಂಭಾಗ ಜಜ್ಜಿಹೋಗಬೇಕು. ಹಿಂದಿನ ದೀಪಕ್ಕೆ ಒಂದು ಗೀರೂ ಇಲ್ಲ. ಮುಂದಿನ ಚಕ್ರ ಒಳಕ್ಕೆ ಬಾಗಿದೆ. ದಿಯೆಮ್ ಯಾವುದಕ್ಕೋ ತಾನೇ ಹೋಗಿ ಢಿಕ್ಕಿ ಹೊಡೆದಿದ್ದಾನೆ. ಗಟ್ಟಿಯಾದ್ದು, ನೆಲಮಟ್ಟದಲ್ಲಿದ್ದದ್ದು.”

“ರಸ್ತೇಲಿ ಅಂಥದ್ದೇನೂ ಇರಲಿಲ್ವಲ್ಲ ಅಮ್ಮ,” ಎಂದ ನೆರೆಯವನೊಬ್ಬ.

“ನೀವು ಬರೋ ಹೊತ್ತಿಗೆ ಇರಲಿಲ್ಲ. ಇಡೀ ಊರಲ್ಲಿ ಕಾವಲಿಲ್ಲದ ಭತ್ತ ಇದೊಂದೇ. ಆದ್ರೂ ತಿರುವಿನ ಕಡೆ ಕಾಳು ನೆಟ್ಟಗೆ ನಿಂತಿದೆ. ಅಲ್ಲೊಂದು ಉದ್ದನೆ ದಿಮ್ಮಿ ಇತ್ತು, ಅಪಘಾತ ಆದಮೇಲೆ ಯಾರೋ ಎತ್ತಿದ್ರು. ಎತ್ತಿದವರು ಯಾರು?” ಅವರು ಲುವಾಳ ಹತ್ತಿರ ಹೋದರು. ದನಿ ಮೆತ್ತಗಾಯಿತು. “ಕಾಲುವೆಗೆ ಇಳಿದೆ ಅಂದೆ ತಾಯಿ. ಕೊಯ್ಲಿಗೆ ಅಂತ ನೀರು ನಿಲ್ಲಿಸಿ ಕಾಲುವೆ ಒಣಗಿ ಬಿರಿದಿದೆ. ನಿನ್ನ ಷರಾಯಿ ಮೊಳಕಾಲಿನವರೆಗೆ ನೆಂದದ್ದು ಎಲ್ಲಿ? ಹೊಂಡದಲ್ಲಿ. ನೆನೆಹಾಕಿದ ದಿಮ್ಮಿಗಳ ಜೊತೆ ಸೇರಿಸಿದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಆದ್ರೆ ಬಿಸಿಲಲ್ಲಿ ಒಣಗಿದ ದಿಮ್ಮಿ ಮುಳುಗೋದಿಲ್ಲ.” ಕರವಸ್ತ್ರ ಬಿಚ್ಚಿ ತೋರಿಸಿದರು. ತೊಗಟೆಯ ಸಂದಿಯಿಂದ ಬಂದ ಭತ್ತದ ಕಾಳುಗಳು ಅದರಲ್ಲಿದ್ದವು.

ಲುವಾ ಎದ್ದು ನಿಂತಳು.

“ಹೌದು. ದಿಮ್ಮಿ ನಾನೇ ಹೊಂಡಕ್ಕೆ ಹಾಕ್ದೆ. ರಸ್ತೆಗೆ ಅಡ್ಡ ಇಟ್ಟವಳೂ ನಾನೇ. ನನ್ನ ಹೆಸರು ಬರ್ಕೊಳ್ಳಿ ಸಾರ್. ಈ ಹುಡುಗನ್ನ ಬಿಟ್ಬಿಡಿ, ಇವನದೇನೂ ತಪ್ಪಿಲ್ಲ.”

ಕ್ವಿ ತಿರುಗಿ ನ್ಯಾನ್ ಅವರ ಮುಖ ನೋಡಿದ. ಇಷ್ಟಕ್ಕೇ ನಿಲ್ಲಿಸಿಬಿಡಿ ಅತ್ತಿಗೆ ಎಂದು ಖಾಂಗನಿಗೆ ಕೂಗಿ ಹೇಳಬೇಕೆನಿಸಿತು. ಆದರೆ ಒಬ್ಬ ನಿರಪರಾಧಿಯನ್ನು ಬಿಡಿಸಲು ಹೋಗಿ ಇನ್ನೊಬ್ಬಳನ್ನು ಸಿಕ್ಕಿಸುವುದು ಅವರಿಂದಾಗದ ಕೆಲಸ.

“ನೀನು ಇಡಲಿಲ್ಲ ತಾಯಿ. ದಿಮ್ಮಿ ಬೆಳಿಗ್ಗೆ ಬೇಲಿ ಪಕ್ಕ ಇತ್ತು. ಎಳೆದ ಗುರುತು ಕಾರಿನ ಜಾಡನ್ನ ಅಳಿಸ್ಕೊಂಡು ಹೋಗಿದೆ. ಅಂದ್ರೆ ಕಾರು ಹೋದ ಮೇಲೆ ಯಾರೋ ಅದನ್ನ ರಸ್ತೆ ನಡುವಿಗೆ ಎಳೆದಿದ್ದಾರೆ. ನೀನಾಗಿದ್ರೆ ಹೆಗಲ ಮೇಲೆ ಹೊತ್ತು ತಂದು ಇಡ್ತಿದ್ದೆ, ಹೊಂಡಕ್ಕೆ ಹೊತ್ತೊಯ್ದ ಹಾಗೆ. ಎಳೆದವರಿಗೆ ಎತ್ತೋ ಶಕ್ತಿ ಇರಲಿಲ್ಲ. ಒಂದು ತುದಿ ಹಿಡಿದು ಸ್ವಲ್ಪ ಎಳೆದು, ನಿಂತು, ಕೋಲೂರಿ ಉಸಿರು ತಗೊಂಡು, ಮತ್ತೆ ಎಳೆದ್ರು. ಭತ್ತದಲ್ಲಿ ಕೋಲಿನ ಗುಳಿಗಳು ಈಗಲೂ ಇವೆ.”

“ಬೇಡಮ್ಮ,” ಲುವಾ ಅವರ ಕೈ ಹಿಡಿದುಕೊಂಡಳು. “ನಿಮ್ಮ ಕಾಲಿಗೆ ಬೀಳ್ತೀನಿ, ಮುಂದೆ ಹೇಳ್ಬೇಡಿ. ಅವರಿಗೆ ಗೊತ್ತಿಲ್ಲ. ಗೊತ್ತಾದ್ರೆ ಅವರು ಉಳಿಯಲ್ಲ.”

“ಗೊತ್ತಿದೆ ಮಗಳೇ.”

ಪರದೆ ಸರಿಸಿ ಸೂ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. “ಅವನ ಬೈಕಿನ ಸದ್ದು ನಂಗೆ ಗೊತ್ತಿಲ್ವಾ? ದಿಮ್ಮಿಗೆ ಬಡಿದದ್ದೂ ಕೇಳಿಸ್ತು. ನೀನು ಅದನ್ನ ಹೊತ್ಕೊಂಡು ಹೊಂಡಕ್ಕೆ ಇಳಿದಾಗ ಕಿಟಕೀಲಿ ನೋಡ್ತಾ ಇದ್ದೆ. ಮಧ್ಯಾಹ್ನದಿಂದ ಎಲ್ರೂ ನನ್ನ ತಲೆ ಸವರಿ ಹೋದ್ರು. ಏನಾಯ್ತಜ್ಜಿ ಅಂತ ಒಬ್ಬರೂ ಕೇಳಲಿಲ್ಲ. ನಂಗೂ ಬಾಯಿ ಬರಲಿಲ್ಲ.” ಕೋಲೂರಿಕೊಂಡು ತ್ವಾನನ ಮುಂದೆ ಬಂದಳು. “ಈ ಹುಡುಗ ಭತ್ತದ ಮೇಲೆ ಹತ್ತಿಸ್ದ. ನಂಗೆ ಸಿಟ್ಟು ಬಂತು. ಅನ್ನದ ಮೇಲೆ ಗಾಲಿ ಉರುಳಿಸ್ತಾರಲ್ಲ ಅಂತ ಎಳೆದು ಇಟ್ಟೆ. ಇಟ್ಟು ಒಳಗೆ ಬಂದು ಎಲೆಗೆ ಸುಣ್ಣ ಹಚ್ತಾ ಇದ್ದೆ.”

ತ್ವಾನ್ ಅವಳ ಕಾಲ ಬುಡದಲ್ಲಿ ಕುಸಿದು ಅತ್ತ. ಖಾಂಗನಿಗೆ ಇನ್ನು ತಡೆಯಲಾಗಲಿಲ್ಲ.

“ಅವನದಲ್ಲ ಅಜ್ಜಿ, ಹತ್ತಿಸು ಅಂತ ಹೇಳಿದವನು ನಾನು. ಊಟಕ್ಕೆ ಹೊತ್ತಾಗುತ್ತೆ ಅಂತ.”

ಅಜ್ಜಿ ಅವನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡ, ಬೈದಿದ್ದರೆ ಒಳ್ಳೆಯದಿತ್ತು.

“ನಿಮಗೆ ಹಸಿವಾಗಿತ್ತೇನೋ,” ಎಂದಳು.

ಅವಳು ಮಂಚದ ಹತ್ತಿರ ಹೋಗಿ, ಕೋಲನ್ನು ಕೆಳಗೆ ಹಾಕಿ, ಎರಡೂ ಕೈಯಿಂದ ಮಗನ ಹಣೆಯ ಬಿಳಿಪಟ್ಟಿಯ ಗಂಟು ಬಿಚ್ಚತೊಡಗಿದಳು. ಊರ ಹಿರಿಯನೊಬ್ಬ ಗಾಬರಿಯಿಂದ ಮುಂದೆ ಬಂದ. “ಅದನ್ನ ತೆಗೀಬಾರದು ಅಜ್ಜಿ. ಋಣ ಹೊತ್ಕೊಂಡು ಹೋಗ್ತಾನೆ.”

“ಇವನದೇನು ಋಣವೋ ನಂಗೆ? ಇರೋದು ನಂದು.” ಪಟ್ಟಿಯನ್ನು ತನ್ನ ನರೆತ ತಲೆಗೆ ಸುತ್ತಿಕೊಂಡಳು. ಗಂಟು ಕೂರಲಿಲ್ಲ. ಲುವಾ ಹಿಂದಿನಿಂದ ಬಂದು ಅತ್ತೆಯ ತಲೆಗೆ ಅದನ್ನು ಕಟ್ಟಿದಳು. ಸತ್ತ ಮಕ್ಕಳಿಗಾಗಿ ಹೆತ್ತವರು ಪಟ್ಟಿ ಕಟ್ಟಿಕೊಳ್ಳುವ ಪದ್ಧತಿ ಆ ಸೀಮೆಯಲ್ಲೇ ಇಲ್ಲ. ಆದರೂ ಯಾರೂ ತಡೆಯಲಿಲ್ಲ.

ಅಜ್ಜಿ ಹೇಳಿದ್ದನ್ನು ಕ್ವಿ ಹೇಳಿದ ಹಾಗೇ ಬರೆದುಕೊಂಡ. ಮುಂದಿನದನ್ನು ಮೇಲಿನವರು ನೋಡಲಿ ಎಂದು ತ್ವಾನನಿಗೆ ಕಾರಿನ ಬೀಗದ ಕೈ ಕೊಟ್ಟ.

ಮರುದಿನ ತಿರುಗಾಟಕ್ಕೆ ಯಾರಿಗೂ ಮನಸ್ಸಿರಲಿಲ್ಲ, ಮನೆಗೇ ಹೊರಟರು. ಮುಂದಿನ ಊರಲ್ಲಿ ಮತ್ತೆ ಅರ್ಧ ರಸ್ತೆ ಭತ್ತ, ಅಂಚಿಗೆ ಇಟ್ಟಿಗೆಗಳು. ತ್ವಾನ್ ಕಾರು ನಿಲ್ಲಿಸಿ ಕನ್ನಡಿಯಲ್ಲಿ ಖಾಂಗನ ಕಡೆ ನೋಡಿದ. ಖಾಂಗ್ ತಾನೇ ಇಳಿದು, ಭತ್ತ ಒಣಗಲೆಂದು ಅದರಲ್ಲಿ ಕಾಲಾಡಿಸುತ್ತಿದ್ದ ಹೆಂಗಸಿನ ಹತ್ತಿರ ಹೋದ.

“ನೀವು ಮುಗಿಸ್ಕೊಳ್ಳಿ ತಾಯಿ, ಕಾಯ್ತೀವಿ. ಆದ್ರೆ ಈ ಇಟ್ಟಿಗೆಗಳನ್ನ ಬೇಲಿ ಪಕ್ಕ ಇಟ್ಬಿಡಿ. ಯಾರೂ ಭತ್ತದ ಮೇಲೆ ಹತ್ತಿಸಲ್ಲ.”

ಹೆಂಗಸು ಸೊಂಟಕ್ಕೆ ಕೈಕೊಟ್ಟು ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಯಾರೂ ಹತ್ತಿಸಲ್ಲ ಅಂತ ನೀವು ಹೇಳಿದ್ರೆ ಆಯ್ತಾ ಅಣ್ಣ?”

ಖಾಂಗ್ ಕಾರಿನ ಹತ್ತಿರ ವಾಪಸು ಬಂದು, ಅವಳು ಮುಗಿಸುವವರೆಗೂ ಬಿಸಿಲಲ್ಲೇ ನಿಂತಿದ್ದ.