ಥಾಯ್ ಓದಲು ಹೊರಟವಳು

"ಹ್ವಾಯ್, ನನ್ನ ಬ್ಯಾಡ ಅಂದ್ರಂಬ್ರಲೆ?"

ಬೈಂದೂರಿನ ಸ್ಟುಡಿಯೋದಲ್ಲಿ ಲೆನ್ಸ್ ಒರೆಸುತ್ತಿದ್ದ ಪ್ರಖ್ಯಾತ್ ತಲೆಯೆತ್ತಿದ. ಬಾಗಿಲಲ್ಲಿ ಶ್ರಾವ್ಯ. ಯಡ್ತರೆಯಿಂದ ನಡೆದೇ ಬಂದಿದ್ದಳು; ಕೆನ್ನೆ ಕೆಂಪಾಗಿದ್ದದ್ದು ಬಿಸಿಲಿಗೋ ಸಿಟ್ಟಿಗೋ ಹೇಳುವುದು ಕಷ್ಟ.

ಸಿಟ್ಟು ಅವಳಿಗೆ ಆ ವರ್ಷವಿಡೀ ಇತ್ತು. ಕುಂದಾಪುರದಲ್ಲಿ ಇತಿಹಾಸ ಓದುವಾಗ ಥಾಯ್ ದೇವಾಲಯವೊಂದರ ರಾಮಾಯಣದ ಗೋಡೆಚಿತ್ರಗಳನ್ನು ಪುಸ್ತಕದಲ್ಲಿ ಕಂಡಿದ್ದಳು. ಬಂಗಾರದ ಬಣ್ಣದ ಆ ಕಪಿಸೈನ್ಯದ ಕಥೆಯನ್ನು ಅವರ ಭಾಷೆಯಲ್ಲೇ ಓದಬೇಕೆಂಬ ಹಟ ಹುಟ್ಟಿತು. ನಮ್ಮ ಹಾಗೆಯೇ ಕ, ಖ ಎಂದು ಶುರುವಾಗುವ ಅವರ ವ್ಯಂಜನಗಳನ್ನು ಇಂಟರ್ನೆಟ್ಟಿನಲ್ಲಿ ಕಲಿತಳು. ಬ್ಯಾಂಕಾಕಿನಲ್ಲಿ ಥಾಯ್ ಅಧ್ಯಯನದ ಎಂ.ಎ.ಗೆ ಅರ್ಜಿ ಹಾಕುತ್ತೇನೆ ಎಂದದ್ದೇ ತಡ, ಊರೆಲ್ಲ ಹಲ್ಲು ಕಿಸಿಯಿತು.

ಮುಂಬೈಯಲ್ಲಿ ಹೋಟೆಲಿಟ್ಟಿದ್ದ ಉಮಾನಾಥ ಮಾವ, "ಥಾಯ್ಲೆಂಡಿಗೆ ಜನ ಎಂತಕ್ ಹೋತ್ರ್ ಅಂತ ನಂಗ್ ಗೊತ್ತಿತ್ತ್, ಹೆಣ್ಣೆ" ಎಂದು ಎಲ್ಲರೆದುರು ನಕ್ಕರು.

"ನಾನ್ ಓದೂಕ್ ಹೋಪುದ್, ಮಾವ" ಎಂದವಳು ಊಟ ಬಿಟ್ಟು ಎದ್ದಿದ್ದಳು. ಶಿಫಾರಸು ಪತ್ರ ಕೇಳಿದರೆ ಮೇಷ್ಟರೂ "ಅದೂ ಒಂದು ಓದಾ?" ಎಂದಿದ್ದರು.

ನಗದವನು ಪ್ರಖ್ಯಾತ್ ಒಬ್ಬನೇ. ಅರ್ಜಿಗೆ ಫೋಟೋ ತೆಗೆಸಲು ಬಂದವಳಿಗೆ, "ಅಲ್ಲಿ ಊಟಕ್ ಎಂತ ಮಾಡ್ತ್ರಿ?" ಎಂದು ನಿಜವಾದ ಕಾಳಜಿಯಿಂದ ಕೇಳಿದ್ದ. "ಚೂರ್ ನೆಗಾಡಿ" ಎಂದಾಗ ಅವಳು ದುರುಗುಟ್ಟಿದಳು; ಅವನು ಅದನ್ನೇ ಕ್ಲಿಕ್ಕಿಸಿದ. ಆಮೇಲೆ ಸ್ಕ್ಯಾನು, ಪ್ರಿಂಟು ಎಂದು ಅವಳು ಬರುವ ನೆಪಗಳು ಹೆಚ್ಚಿದವು. ಅವಳಿದ್ದಷ್ಟು ಹೊತ್ತೂ ಅವನ ಲೋಟದ ಚಹಾ ಆರುತ್ತಿತ್ತು, ಕಣ್ಣು ಕಂಪ್ಯೂಟರಿನ ಮೇಲೆ ನಿಲ್ಲುತ್ತಿರಲಿಲ್ಲ. ಎರಡೂ ಮನೆಯವರು ಮದುವೆಯ ಮಾತೆತ್ತಿದರು.

ನಿನ್ನೆ ಸೀಟು ಸಿಕ್ಕಿದ ಇಮೇಲ್ ಬಂದಿತ್ತು. ಇಂದು ಬೆಳಿಗ್ಗೆ ಅವನ ಅಮ್ಮನ ಫೋನ್: ಹುಡುಗನಿಗೆ ಮನಸ್ಸಿಲ್ಲವಂತೆ.

"ಮದಿ ಅಂದ್ರೆ ಮನೆಯವ್ರ್ ನಿಮ್ಮನ್ ಓದೂಕ್ ಕಳ್ಸುದಿಲ್ಲ" ಪ್ರಖ್ಯಾತ್ ತೊದಲಿದ. "ನಾನ್ ಅಡ್ಡ ಬಪ್ಪುಕಾಗ ಅಂತ... ನಿಮ್ ಒಳ್ಳೇದಕ್ಕೇ ಹೇಳದ್ದ್."

"ಎಲ್ರೂ ನನ್ ಒಳ್ಳೇದಕ್ಕೇ ಹೇಳೂದ್! ಮಾವನೂ ಹಾಂಗೇ ಹೇಳ್ರ್!" ಅವಳು ಒಂದು ಹೆಜ್ಜೆ ಒಳಗಿಟ್ಟಳು. "ನನ್ ಹತ್ರ ಒಂದ್ ಮಾತ್ ಕೇಂಡ್ರ್ಯಾ? ತ್ಯಾಗ ಮಾಡೂಕೆ ನಾನೆಂತ ನಿಮ್ ಕ್ಯಾಮೆರಾವಾ? ನಂಗ್ ಓದೂ ಬೇಕ್, ನೀವೂ ಬೇಕ್!"

ತನ್ನ ಬಾಯಿಂದ ಏನು ಬಂತೆಂದು ಅವಳಿಗೆ ತಿಳಿದದ್ದು ಬಂದ ಮೇಲೆಯೇ. ಆದರೂ ನೋಟ ತಗ್ಗಿಸಲಿಲ್ಲ. ತಗ್ಗಿಸಿದವನು ಅವನು, ಕಿವಿಯ ತುದಿಯವರೆಗೂ ಕೆಂಪಾಗಿದ್ದ.

"ತಪ್ಪಾಯ್ತ್" ಎಂದ, ಮೆಲ್ಲಗೆ. "ನೀವ್ ಓದ್ ಮುಗ್ಸಿ ಬನ್ನಿ. ನಂಗ್ ನೀವೇ ಬೇಕಾದ್ದ್."

"ಅದನ್ನ ನಿಮ್ಮಮ್ಮಂಗೆ ಹೇಳಿ. ಈಗ್ಲೇ, ನನ್ ಎದ್ರೇ."

ಅವನು ಫೋನ್ ಹಚ್ಚಿದ. "ಅಮ್ಮಾ, ಬೆಳಿಗ್ಗೆ ನಾನ್ ಸುಳ್ ಹೇಳದ್ದ್. ಅವ್ಳ್ ಓದ್ಲಿ, ಆಮೇಲ್ ಮದಿ. ನಾನ್ ಕಾಯ್ತೆ."

ಆ ಕಡೆಯಿಂದ ಬೈಗುಳ ಶುರುವಾಯಿತು. ಆ ಹೆಣ್ಣಿನ ಮನಸ್ಸು ನೋಯಿಸಿದೆಯಲ್ಲ, ನಿನ್ನ ಬುದ್ಧಿ ಎಲ್ಲಿಟ್ಟಿದ್ದೆ ಎಂದು ಅಮ್ಮ ಕೂಗುವುದು ಬಾಗಿಲವರೆಗೂ ಕೇಳುತ್ತಿತ್ತು. ತನ್ನ ಪರವಾಗಿ ಇನ್ನೊಬ್ಬರು ಸಿಟ್ಟಾಗುವುದು ಆ ವರ್ಷ ಅದೇ ಮೊದಲು. ಶ್ರಾವ್ಯ ಸ್ಟೂಲೆಳೆದುಕೊಂಡು, ಮುಗಿಯುವವರೆಗೂ ಆರಾಮಾಗಿ ಕೂತು ಕೇಳಿದಳು.