ಒಂದು ಹಿಡಿ ಮರದ ಹೊಟ್ಟು

“ಖಾಲಿ ಪೆಟ್ಟಿಗೆ ಮುಚ್ಚಬೇಡಪ್ಪ. ಮುಚ್ಚೋ ಮುಂಚೆ ಒಂದು ಹಿಡಿ ಮರದ ಹೊಟ್ಟು ಹಾಕು,” ಎಂದರು ಮಾವ, ಮರಗೆಲಸದ ಕೋಣೆಯಿಂದ ಹೊರಗೆ ಹೊರಡುತ್ತ.

“ಯಾಕೆ ಮಾವ, ಅದಕ್ಕೂ ಹಸಿವಾಗುತ್ತಾ?” ಅಳಿಯ ನಕ್ಕ.

ಮಾವ ನಗಲಿಲ್ಲ. “ಆಗುತ್ತೆ. ನಾನು ಅನ್ಯಾಯವಾಗಿ ಓಡಿಸಿದ ಕೆಲಸಗಾರ ಈ ಕೋಣೆಗೆ ಮಾಟ ಮಾಡಿಸಿ ಹೋದ. ನಾನೊಂದ್ಸಲ ಹೊಟ್ಟು ಹಾಕೋದು ಮರೆತೆ. ನಿಮ್ಮತ್ತೆ ಕಣ್ಣು ಹೋಯ್ತು.”

ಅಳಿಯ ಬಡಗಿ ಕೆಲಸಕ್ಕೆ ಹೊಸಬ. ಉಳಿ ಹಿಡಿದ ಕೂಡಲೇ ಮಾವನಿಗೇ ಪಾಠ ಹೇಳುವ ಪೈಕಿ. ಹೆಂಡತಿಗೆಂದು ಅವನು ಮಾಡಿದ ಮೊದಲ ಪೆಟ್ಟಿಗೆ ಅದು. ಒಂದು ಮೊಳೆಯೂ ಇಲ್ಲ. ಹಲಗೆಗಳ ತುದಿಯಲ್ಲಿ ಹಲ್ಲು ಕೊಯ್ದು, ಉಳಿಯಿಂದ ತಿದ್ದಿ, ಹಲ್ಲಿಗೆ ಹಲ್ಲು ಕೂಡಿಸಿ ಬಡಿದಿದ್ದ. ಮೂಲೆಯಲ್ಲಿ ಕೂದಲೂ ತೂರುವಂತಿರಲಿಲ್ಲ. ಮುಚ್ಚಳದಲ್ಲಿ ಬಿಳಿ ಮರದ ಹೂವು ಕೂರಿಸಿದ್ದ. ಇಂಥದ್ದರೊಳಗೆ ಹೊಟ್ಟು ಸುರಿಯುವುದೇ? ಮಾವನಿಗೆ ಅರಳುಮರಳು ಎಂದುಕೊಂಡು ಮುಚ್ಚಳ ಒತ್ತಿದ.

ಗೋಡೆಯಾಚೆ ಅಡುಗೆಮನೆಯಲ್ಲಿ ಹೆಂಡತಿ ಹಾಡಿಕೊಳ್ಳುತ್ತಿದ್ದಳು. ಹಾಡು ಸಾಲಿನ ನಡುವೆಯೇ ನಿಂತಿತು.

ಉಳಿದ ಸಾಲು ಪೆಟ್ಟಿಗೆಯೊಳಗಿಂದ ಬಂತು.

ಮರದ ಸಿಹಿ ವಾಸನೆ ಅಡಗಿ ಸುಟ್ಟ ಕೂದಲಿನ ನಾತ ಹಬ್ಬಿತು. ಹಾಡಹಗಲೇ ಕಿಟಕಿ ಕಪ್ಪಾಯಿತು. ಹೆಂಡತಿ ಗಂಟಲು ಹಿಡಿದುಕೊಂಡು ಬಾಗಿಲಿಗೆ ಓಡಿ ಬಂದಳು. ಬಾಯಿ ತೆರೆದಿತ್ತು. ಸದ್ದಿರಲಿಲ್ಲ.

“ರೀ... ಇಲ್ಲಿ ಕತ್ತಲೆ... ತೆಗೀರಿ,” ಎಂದಿತು ಪೆಟ್ಟಿಗೆ, ಅವಳದೇ ದನಿಯಲ್ಲಿ.

ಅವನು ಮುಚ್ಚಳ ಎಳೆದ. ಅಲುಗಲಿಲ್ಲ. ಉಳಿ ತೂರಿಸಲು ನೋಡಿದ. ಸಂದೇ ಇರಲಿಲ್ಲ. ಕೊಡತಿಯಿಂದ ಬಡಿದ. ಅವನು ಹೆಮ್ಮೆಯಿಂದ ಕೂಡಿಸಿದ ಒಂದೊಂದು ಹಲ್ಲೂ ಕಚ್ಚಿಕೊಂಡು ಕೂತಿತ್ತು. ಒಳಗಿನ ದನಿ ಸಣ್ಣದಾಗುತ್ತಿತ್ತು. ಗರಗಸ ಎತ್ತಿದ. ಕೊಯ್ದ. ಒಳಗೆ ಅವಳು ಕಿರುಚಿದಳು. ನಿಲ್ಲಿಸಲಿಲ್ಲ. ಕೊಯ್ದ. ಪೆಟ್ಟಿಗೆ ಎರಡಾಯಿತು.

ಸಂಜೆ ಮಾವ ತುಂಡುಗಳನ್ನು ತಿರುಗಿಸಿ ನೋಡಿದರು. “ಹೊಟ್ಟು ಹಾಕಿದ್ದೆ ತಾನೇ?”

“ಹಾಕಿದ್ದೆ ಮಾವ.” ಸುಳ್ಳು ಹೇಳಿದವನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

“ಅವರನ್ನ ಯಾಕಪ್ಪ ಕೇಳ್ತೀಯಾ? ನನ್ನ ಉಳಿಸಿದ್ದೇ ಅವರು,” ಎಂದಳು ಹೆಂಡತಿ, ಗಂಡನ ಕೈ ಹಿಡಿದು.

ಒಂದೊಂದು ಮಾತೂ ಕರಕರ ಎಂದು, ಮರ ಕೊಯ್ದ ಹಾಗೆ ಬಂತು. ಮಾವ ಮಗಳ ಮುಖ ನೋಡಲಿಲ್ಲ. ಗೋಡೆಗೆ ನೇತುಹಾಕಿದ್ದ ಗರಗಸ ನೋಡಿದರು. ಅದರ ಸದ್ದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅಳಿಯ ತಲೆ ತಗ್ಗಿಸಿದ. ಪಾಪ, ದಣಿದಿದ್ದಾರೆ ಎಂದುಕೊಂಡು ಅವಳು ಅವನ ಹೆಗಲಿಗೊರಗಿ, ಅರ್ಧಕ್ಕೆ ನಿಂತಿದ್ದ ಹಾಡನ್ನು ಹಾಡತೊಡಗಿದಳು.