ರಾಯಭಾರಿಯ ಮನೆದೇವರು

ಪಕ್ಕೆಲುಬಿಗೆ ಪಿಸ್ತೂಲು ಒತ್ತಿತು.

“ಇನ್ನೊಂದು ಹೆಜ್ಜೆ ಇಟ್ರೆ ಇಲ್ಲೇ ಮಲಗಿಸ್ತೀನಿ, ವೆಲಿಂಕೊ!”

ರತ್ಕೊ. ಧಣಿ ತೊದೊಸಿಚ್‌ನ ಅಂಗರಕ್ಷಕ. ಕತ್ತೇ ಇಲ್ಲದ ಪ್ರಾಣಿ.

“ಮಲಗಿಸಪ್ಪಾ. ನಿಮ್ಮ ಧಣಿ ಹಾಸಿಗೆ ಮಾರಿ ತಾನೇ ಇಷ್ಟು ಮೇಲೆ ಬಂದಿದ್ದು?”

ಪಿಸ್ತೂಲು ಇನ್ನಷ್ಟು ಒತ್ತಿತು...

ನೋಡಿ, ಸರ್ಬಿಯಾದ ಪಾನ್ಚೆವೊ ಊರಲ್ಲಿ ನನ್ನ ಕಸುಬು ಕಳೆದುಹೋದವರನ್ನು ಹುಡುಕುವುದು, ಬಚ್ಚಿಟ್ಟದ್ದನ್ನು ಹೊರಗೆಳೆಯುವುದು. ಅಂದು ಮಾತ್ರ ಫೀಸಿಗಾಗಿ ಹೋಗಿರಲಿಲ್ಲ. ನನ್ನ ಅಣ್ಣನಿಗಾಗಿ ಹೋಗಿದ್ದೆ.

ಅಣ್ಣ ಮಿಲಿಸಾವ್ ತೊದೊಸಿಚ್‌ನ ಹಾಸಿಗೆ ಕಾರ್ಖಾನೆಯ ಕಾವಲುಗಾರ. ಹೋದ ಡಿಸೆಂಬರ್ ಹತ್ತೊಂಬತ್ತರಂದು ಕಾರ್ಖಾನೆ ಉರಿಯಿತು. ಒಳಗೆ ಹೊಲಿಯುತ್ತಿದ್ದ ಹೆಂಗಸೊಬ್ಬಳು ಸತ್ತಳು. ಧಣಿಗೆ ವಿಮೆ ಸಿಕ್ಕಿತು. ಅಣ್ಣನಿಗೆ ಜೈಲು ಸಿಕ್ಕಿತು!

“ಧಣೀನೇ ಪೆಟ್ರೋಲ್ ಡಬ್ಬ ಹಿಡ್ಕೊಂಡು ಬಂದ್ರು,” ಎಂದು ಅಣ್ಣ ಗಂಟಲು ಹರಿದುಕೊಂಡ. ಯಾರು ಕೇಳಬೇಕು?

ತೊದೊಸಿಚ್ ಕೋರ್ಟಿನಲ್ಲಿ ಎದೆ ಮುಟ್ಟಿಕೊಂಡು ಹೇಳಿದ. “ಅವತ್ತು ಸಂತ ನಿಕೊಲಾನ ದಿನ, ಸ್ವಾಮೀ. ನಮ್ಮ ಮನೆದೇವರ ಹಬ್ಬ. ಅತಿಥಿಗಳನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?”

ಮನೆದೇವರ ಹಬ್ಬದ ದಿನ ಯಾವ ಸರ್ಬಿಯನ್ನ ತಾನೇ ಮನೆ ಬಿಟ್ಟಾನು? ನ್ಯಾಯಾಧೀಶರು ತಲೆಯಾಡಿಸಿ ಬರೆದುಕೊಂಡರು.

ನಾನು ಹೋದ ದಿನದ ಮರುದಿನವೇ ತೀರ್ಪು. ಅಣ್ಣನಿಗೆ ಹನ್ನೆರಡು ವರ್ಷ ಖಾತ್ರಿ. ಧಣಿಯಾದರೋ ಹಿಂದಿನ ಸಂಜೆಯೇ ರಾಯಭಾರಿಯಾಗಿ ವಿದೇಶಕ್ಕೆ ಹಾರುವವನಿದ್ದ!

ಎಂಥಾ ಏಳಿಗೆ! ಹಾಸಿಗೆ ಮಾರಿದ. ಮೇಯರ್ ಆದ. ಪಕ್ಷ ಸೋತಿತು... ರಾತ್ರೋರಾತ್ರಿ ಗೆದ್ದ ಪಕ್ಷಕ್ಕೆ ಜಿಗಿದ. ಮಂತ್ರಿಯಾದ. ಮೂರು ವಾಕ್ಯ ನೆಟ್ಟಗೆ ಆಡಲು ಬಾರದವನನ್ನು ದೇಶದ ಪರವಾಗಿ ಮಾತಾಡಲು ಕಳಿಸುತ್ತಿದ್ದರು!

ಅಂದು ನವೆಂಬರ್ ಎಂಟು, ಸಂತ ದಿಮಿತ್ರಿಯ ದಿನ. ಬೆಳಿಗ್ಗೆ ಟೀವಿಯಲ್ಲಿ ಹೇಳಿದರು. ಹೊಸ ರಾಯಭಾರಿಯ ಮನೆದೇವರ ಹಬ್ಬ, ನೇರ ಪ್ರಸಾರ!

ನಾನು ಕಾಫಿ ಕೆಳಗಿಟ್ಟೆ.

ನಮ್ಮಲ್ಲಿ ಒಂದು ಮನೆಗೆ ಒಬ್ಬನೇ ಸಂತ. ಅಪ್ಪನಿಂದ ಮಗನಿಗೆ ಬರುವವನು. ದಿಮಿತ್ರಿ ಹೊಸ ಪಕ್ಷದ ನಾಯಕನ ಮನೆದೇವರು. ಇವನಿಗೆ ಕೋರ್ಟಿಗೊಬ್ಬ ಸಂತ, ಪಕ್ಷಕ್ಕೊಬ್ಬ ಸಂತ! ಆಡಿದ ಸುಳ್ಳುಗಳ ರಾಶಿಯಲ್ಲಿ ಕೋರ್ಟಿನ ಸುಳ್ಳು ಮರೆತೇಹೋಗಿತ್ತು.

ಹಾಗೆ ಧಣಿಯ ಮನೆಗೆ ಬಂದು ಬಾಗಿಲಲ್ಲಿ ಸಿಕ್ಕಿಬಿದ್ದಿದ್ದೆ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮನೆಯೊಡತಿ ಜುಜಾನಾ. ಕೈಯಲ್ಲಿ ಬೇಯಿಸಿದ ಗೋಧಿಯ ಸಿಹಿ.

ಕೈ ಚಾಚಿದೆ. ಒಂದು ಚಮಚ ಬಾಯಿಗೆ ಹಾಕಿಕೊಂಡೆ.

ಮುಗಿಯಿತು! ಹಬ್ಬದ ಗೋಧಿ ತಿಂದವನು ಅತಿಥಿ. ಈ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ. ಬಂದವರನ್ನು ತಳ್ಳುವಂತೆಯೂ ಇಲ್ಲ.

“ಏನೋ ಅದು ಕೈಯಲ್ಲಿ, ರತ್ಕೊ?”

“ಅಮ್ಮಾವ್ರೇ, ಇವ್ನು...”

“ಒಳಗಿಡು ಅದನ್ನ! ನೀವು ಬನ್ನಿ, ಊಟ ಆರ್ತಿದೆ.”

ಒಳಗೆ ಹುರಿದ ಹಂದಿ, ವೈನು, ಟೀವಿ ಕ್ಯಾಮೆರಾ. ಮೇಜಿನ ತುದಿಯಲ್ಲಿ ಮುದುಕ ಪಾದ್ರಿ ಗಾವ್ರಿಲೊ. ನನ್ನನ್ನು ಕಂಡು ಧಣಿಯ ಬಣ್ಣ ಇಳಿಯಿತು. ನಗು ಮಾತ್ರ ಇಳಿಯಲಿಲ್ಲ.

“ಓಹೋ... ಬಾರಪ್ಪ ವೆಲಿಂಕೊ! ಕುಡಿ, ಕುಡಿ!”

“ನಿಮ್ಮ ಮನೆದೇವ್ರಿಗೆ!” ಗ್ಲಾಸೆತ್ತಿದೆ. “ಎಷ್ಟು ತಲೆಮಾರಿಂದ ನಡ್ಕೊಂಡು ಬಂದಿದೆ ಧಣಿ?”

ಕ್ಯಾಮೆರಾ ಅವನತ್ತ ತಿರುಗಿತು. ಎದೆ ಉಬ್ಬಿತು. ಪೆದ್ದ!

“ಮುತ್ತಾತನ ಕಾಲದಿಂದ! ಒಂದು ವರ್ಷ ತಪ್ಪಿಸಿಲ್ಲ! ದಿಮಿತ್ರಿ ಬಿಟ್ರೆ ತೊದೊಸಿಚ್ ಮನೆತನಕ್ಕೆ ಬೇರೆ ಸಂತನೇ ಗೊತ್ತಿಲ್ಲ!”

ಜೇಬಿನಿಂದ ಅವನ ಕೋರ್ಟ್ ಹೇಳಿಕೆ ತೆಗೆದೆ. ಗಟ್ಟಿಯಾಗಿ ಓದಿದೆ. ನಿಕೊಲಾ, ಡಿಸೆಂಬರ್ ಹತ್ತೊಂಬತ್ತು, ಅತಿಥಿಗಳು... ಎಲ್ಲ.

ಕ್ಯಾಮೆರಾ ಮತ್ತೆ ಧಣಿಯತ್ತ ತಿರುಗಿತು.

“ಅದು... ನನ್ನ ಹೆಂಡ್ತಿ ಕಡೆ ದೇವ್ರು!”

“ನಮ್ಮ ಕಡೆಯೇ?” ಜುಜಾನಾ ತಟ್ಟೆ ಕೆಳಗಿಟ್ಟಳು. “ನಾವು ಸ್ಲೊವಾಕ್ ಪ್ರಾಟೆಸ್ಟೆಂಟ್ ಜನ ಕಣ್ರೀ! ನಮಗೆಲ್ಲಿಯ ಸಂತರ ಹಬ್ಬ? ಅವತ್ತು ಈ ಮನೆಗೆ ಬೀಗ ಹಾಕಿತ್ತು. ನಾನು ತವರಲ್ಲಿದ್ದೆ... ನೀವೆಲ್ಲಿದ್ರಿ?”

ಪಾದ್ರಿ ಎದ್ದು ನಿಂತ. “ಲೋ, ಯಾವ ಸಂತನ ಹೆಸರಲ್ಲಿ ನನ್ನ ಕೈಲಿ ಹಬ್ಬದ ರೊಟ್ಟಿ ಕುಯ್ಯಿಸಿದ್ಯೋ?”

“ಕ್ಯಾಮೆರಾ ಆಫ್ ಮಾಡ್ರೋ! ರತ್ಕೊ, ಹಿಡಿ ಅವ್ನನ್ನ!”

ಢಂ!

ತಲೆಯ ಪಕ್ಕದ ವೈನ್ ಬಾಟಲಿ ಸಿಡಿಯಿತು. ಹಂದಿಯ ತಟ್ಟೆಯನ್ನು ರತ್ಕೊನ ಕಾಲಿಗೆ ತಳ್ಳಿದೆ. ಜಾರಿದ! ಅಡುಗೆಮನೆ... ಕಿಟಕಿ... ಅಂಗಳ... ಹಿಂದೆ ಇನ್ನೊಂದು ಗುಂಡು! ಅಲ್ಲಿ ನಿಂತಿದ್ದ ಟೀವಿ ವ್ಯಾನಿನೊಳಗೆ ದಬಕ್ಕನೆ ಬಿದ್ದೆ.

“ಓಡಿಸು!”

“ಎಲ್ಲಿಗಣ್ಣಾ?” ಡ್ರೈವರ್ ಬೆಪ್ಪಾಗಿ ಕೇಳಿದ.

“ಕೋರ್ಟಿಗೆ ಕಣೋ! ಅವ್ನ ಮಾತೆಲ್ಲ ಈ ವ್ಯಾನಲ್ಲೇ ರೆಕಾರ್ಡ್ ಆಗಿದೆ!”

ತೊದೊಸಿಚ್‌ನನ್ನು ವಿಮಾನ ನಿಲ್ದಾಣದಲ್ಲೇ ಹಿಡಿದರು. ಮರುದಿನ ಜುಜಾನಾ ಕಟಕಟೆ ಹತ್ತಿ ಮತ್ತೊಮ್ಮೆ ಎಲ್ಲ ಹೇಳಿದಳು. ಪಕ್ಷದ ನಾಯಕ ಮಾತ್ರ, “ತೊದೊಸಿಚ್? ಯಾರದು?” ಎಂದ.

ಅಣ್ಣ ಹೊರಗೆ ಬಂದ. ಅವನಿದ್ದ ಜೈಲು ಕೋಣೆಗೇ ಧಣಿ ಹೋದ.

ಹೋದ ಮೊದಲ ದಿನವೇ ವಿಚಾರಿಸಿದನಂತೆ... ಜೈಲರ್ ಸಾಹೇಬರ ಮನೆದೇವರು ಯಾರು ಅಂತ!